ಟಿಕ್ ಎಂದದ್ದು ಎಲ್ಲಿ?

ಕಂಪ್ಯೂಟರಿನಲ್ಲಿ ತಂಬೂರಿಯ ಶ್ರುತಿ ಒಂದೇ ಸಮನೆ ಹರಿಯುತ್ತಿರುವಾಗ ನಡುವೆ ಒಂದು ‘ಟಿಕ್’ ಬಿದ್ದರೆ ಸಾಕು, ಧ್ವನಿಯ ದೋಷ ಹುಡುಕುವ ಹವ್ಯಾಸ ಹತ್ತಿದವರ ಕಿವಿ ನೆಟ್ಟಗಾಗುತ್ತದೆ. ಪಕ್ಕದಲ್ಲಿ ಕೂತವರಿಗೆ ಅದು ಕೇಳಿಸಿಯೇ ಇರುವುದಿಲ್ಲ. ಕೇಳಿಸಿದವರು ಮಾತ್ರ ಅದೇ ಜಾಗಕ್ಕೆ ಹಿಂದೆ ಹೋಗಿ ಮತ್ತೊಮ್ಮೆ ಕೇಳುತ್ತಾರೆ. ಮತ್ತೆ ಅಲ್ಲೇ ಬಿದ್ದರೆ ದೋಷ ಧ್ವನಿಮುದ್ರಣದ್ದು. ಜಾಗ ಬದಲಾಯಿತೋ, ದೋಷ ಕಂಪ್ಯೂಟರಿನದು. ಬೇಟೆ ಶುರುವಾಗುವುದು ಇಲ್ಲಿಂದ.

ಪರೀಕ್ಷೆಗೆ ಶ್ರುತಿಯೇ ಏಕೆ ಎಂದರೆ ಅದರಲ್ಲಿ ಏನೂ ಬಚ್ಚಿಟ್ಟುಕೊಳ್ಳಲಾಗದು. ಖಂಜಿರ, ಮೋರ್ಚಿಂಗ್‌ಗಳ ತನಿಯಲ್ಲಿ ಹತ್ತು ಟಿಕ್‌ಗಳು ಸೇರಿಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ಸೌಂಡ್ ಕಾರ್ಡಿನ ಕೆಲಸ ಕೇಳುವುದಕ್ಕೆ ಸರಳ. ಸಿ.ಡಿ.ಯ ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್‌ಗಳು, ವಿಡಿಯೊ ಜೊತೆಗಿನ ಧ್ವನಿಯಲ್ಲಿ ಸಾಮಾನ್ಯವಾಗಿ 48,000. ಒಂದೂ ತಪ್ಪದೆ, ಸಮಯಕ್ಕೆ ಸರಿಯಾಗಿ ಅವು ಸ್ಪೀಕರ್ ಕಡೆಗೆ ಹೋಗುತ್ತಿರಬೇಕು. ಪ್ರೊಸೆಸರ್ ಅವನ್ನು ಒಂದೊಂದಾಗಿ ಕೊಡುವುದಿಲ್ಲ. ಗುಂಪುಗುಂಪಾಗಿ ಬಫರ್‌ಗೆ ತುಂಬಿಸಿ ಬೇರೆ ಕೆಲಸಕ್ಕೆ ಹೋಗುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನ ಹಾಗೆ: ಕೆಳಗೆ ನಲ್ಲಿ ಸದಾ ತೆರೆದೇ ಇರುತ್ತದೆ, ಮೋಟಾರು ಮಾತ್ರ ಆಗಾಗ ಓಡುತ್ತದೆ. 256 ಸ್ಯಾಂಪಲ್‌ಗಳ ಬಫರ್ 48,000ದ ಲೆಕ್ಕದಲ್ಲಿ 5.3 ಮಿಲಿಸೆಕೆಂಡಿಗೆ ಖಾಲಿಯಾಗುತ್ತದೆ. ಅಷ್ಟರೊಳಗೆ ಮುಂದಿನ ಕಂತು ಬರದಿದ್ದರೆ ಟಿಕ್.

ಧ್ವನಿಮುದ್ರಣದಲ್ಲಿ ಬಿದ್ದ ಇಂಥ ಟಿಕ್ಕನ್ನು ಆಡಾಸಿಟಿಯಂಥ ತಂತ್ರಾಂಶದಲ್ಲಿ ದೊಡ್ಡದು ಮಾಡಿ ನೋಡಬೇಕು. ನುಣುಪಾಗಿ ಏರಿಳಿಯುತ್ತಿದ್ದ ಗೆರೆ ಒಂದು ಕಡೆ ಥಟ್ಟನೆ ಸೊನ್ನೆಗೆ ಬೀಳುತ್ತದೆ. ಒಂದಿಷ್ಟು ದೂರ ಚಪ್ಪಟೆಯಾಗಿ ಸಾಗಿ, ಮತ್ತೆ ಅಲೆಯ ನಡುಮಧ್ಯದಿಂದಲೇ ಎದ್ದು ನಡೆಯುತ್ತದೆ. ಆ ಚಪ್ಪಟೆ ಭಾಗದ ಸ್ಯಾಂಪಲ್‌ಗಳನ್ನು ಎಣಿಸಿದರೆ ಸರಿಯಾಗಿ 256 ಬರಬಹುದು, ಇಲ್ಲವೇ 512. ಇಡೀ ಒಂದು ಕಂತೇ ತಪ್ಪಿಹೋಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಈ ಹವ್ಯಾಸದ ಅತಿ ಸವಿಯಾದ ಗಳಿಗೆಯೂ ಇದೇ: ಕಿವಿ ಹಿಡಿದದ್ದನ್ನು ಕಣ್ಣು ಒಪ್ಪಿಕೊಳ್ಳುವುದು. ಸದ್ದು ಉಗ್ಗುವುದರ ಕತೆ ಸ್ವಲ್ಪ ಬೇರೆ. ಕಂಪ್ಯೂಟರ್ ಪೂರ್ತಿ ಸ್ತಬ್ಧವಾದಾಗ ಹಾಡಿನ ಒಂದೇ ಅಕ್ಷರ ‘ರ್ರ್ರ್’ ಎಂದು ಸುತ್ತುವುದನ್ನು ಎಲ್ಲರೂ ಕೇಳಿರುತ್ತಾರೆ. ಬಫರ್ ತುಂಬಿಸುವವರಿಲ್ಲದೆ, ಕಾರ್ಡು ಹಳೆಯ ಕಂತನ್ನೇ ತಿರುತಿರುಗಿ ಓದುತ್ತಿರುತ್ತದೆ.

ದುಬಾರಿ ಕಂಪ್ಯೂಟರ್ ಕೊಂಡರೆ ಈ ಕಾಟ ತಪ್ಪುತ್ತದೆ ಎಂದು ಅನೇಕರು ನಂಬಿದ್ದಾರೆ. ತಪ್ಪುವುದಿಲ್ಲ. ಪ್ರೊಸೆಸರ್ ನೂರಕ್ಕೆ ತೊಂಬತ್ತು ಪಾಲು ಸುಮ್ಮನೆ ಕೂತಿರುವಾಗಲೂ ಟಿಕ್ ಬೀಳುತ್ತದೆ. ವೇಗ ಬೇಕಾದಷ್ಟಿರುತ್ತದೆ, ವೇಳೆಗೆ ಬರುವುದಿಲ್ಲ ಅಷ್ಟೆ. ವೈಫೈ, ಗ್ರಾಫಿಕ್ಸ್, ಬ್ಯಾಟರಿ ಹೀಗೆ ಯಾವುದೋ ಡ್ರೈವರ್ ಕೆಲವು ಮಿಲಿಸೆಕೆಂಡು ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೆ ಧ್ವನಿಯ ಸರದಿ ಹಿಂದೆ ಬೀಳುತ್ತದೆ. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಯಾವ ಡ್ರೈವರ್ ಎಷ್ಟು ಹೊತ್ತು ಹಿಡಿದಿಟ್ಟಿತು ಎಂದು ಹೆಸರು ಸಮೇತ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಇಂಥ ತಪ್ಪುಗಳಿಗೆ ‘ಎಕ್ಸ್‌ರನ್’ ಎನ್ನುತ್ತಾರೆ. ಕೆಲಸಗಳು ಹೊತ್ತಿಗೆ ಸರಿಯಾಗಿ ನಡೆಯುವಂತೆ ಮಾಡುವ ರಿಯಲ್‌ಟೈಮ್ ತಿದ್ದುಪಡಿಗಳು ಸುಮಾರು ಎರಡು ದಶಕ ಹೊರಗಿದ್ದು, 2024ರ 6.12 ಆವೃತ್ತಿಯಲ್ಲಿ ಲಿನಕ್ಸ್‌ನ ಮುಖ್ಯ ಕರ್ನಲ್ಲಿಗೆ ಸೇರಿದವು. ತಾಳ್ಮೆಯ ಈ ಕೆಲಸಕ್ಕೆ ಸಂಗೀತದವರೆಲ್ಲ ಋಣಿಗಳು.

ಹಳಬರು ಇದಕ್ಕಿಂತ ಕಷ್ಟದ ದಿನಗಳನ್ನು ಕಂಡವರು. ಸಿಂಗಪುರದ ಕ್ರಿಯೇಟಿವ್ ಸಂಸ್ಥೆ 1989ರಲ್ಲಿ ಸೌಂಡ್ ಬ್ಲಾಸ್ಟರ್ ತಂದ ಮೇಲೆ, ಡಾಸ್‌ನಲ್ಲಿ ‘ಎ220 ಐ5 ಡಿ1’ ಎಂಬಂಥ ಸಾಲನ್ನು ಕೈಯಾರೆ ಬರೆದು ಕಾರ್ಡಿನ ವಿಳಾಸ ತಿಳಿಸಬೇಕಿತ್ತು. ಐ5ರ ಬದಲು ಐ7 ಆದರೆ ಪ್ರಿಂಟರಿನೊಡನೆ ಜಗಳ. ಆಮೇಲೆ 1998ರಲ್ಲಿ ಸೌಂಡ್ ಬ್ಲಾಸ್ಟರ್ ಲೈವ್ ಬಂತು. ವಿಯಾ ಕಂಪನಿಯ 686ಬಿ ಚಿಪ್ ಇದ್ದ ಮದರ್‌ಬೋರ್ಡಿನಲ್ಲಿ ಅದನ್ನು ಕೂರಿಸಿದವರಲ್ಲಿ ಹಲವರಿಗೆ ಚಟಪಟ ಸದ್ದು ಕಾದಿತ್ತು, ಅದರಲ್ಲೂ ಹಾರ್ಡ್ ಡಿಸ್ಕಿಗೆ ದೊಡ್ಡ ಕಡತ ನಕಲಾಗುವಾಗ. ಕೆಲವೊಮ್ಮೆ ಕಡತವೇ ಕೆಟ್ಟುಹೋಗುತ್ತಿತ್ತು. ಜನ ಕಾರ್ಡನ್ನು ಈ ಸ್ಲಾಟಿನಿಂದ ಆ ಸ್ಲಾಟಿಗೆ ಬದಲಿಸಿದರು, ಬಯೋಸ್ ತಿದ್ದಿದರು. ಕೊನೆಗೆ 2001ರ ಹೊತ್ತಿಗೆ ವಿಯಾ ತನ್ನ ಡ್ರೈವರ್‌ಗಳಲ್ಲೇ ಪರಿಹಾರ ಸೇರಿಸಿತು. ಸದ್ದು ಬಂದದ್ದು ಸ್ಪೀಕರಿನಿಂದ, ರೋಗ ಇದ್ದದ್ದು ಡಿಸ್ಕಿನ ದಾರಿಯಲ್ಲಿ!

ಟಿಕ್‌ಗಳು ಗಡಿಯಾರ ಹಿಡಿದಂತೆ ಒಂದೇ ಅಂತರದಲ್ಲಿ ಬೀಳತೊಡಗಿದರೆ ಬೇಟೆಗಾರನ ಮುಖ ಅರಳುತ್ತದೆ. ಅದಕ್ಕೆ ಡ್ರೈವರ್ ಹೊಣೆಯಲ್ಲದಿರುವ ಸಂಭವ ಹೆಚ್ಚು. ಯು.ಎಸ್.ಬಿ. ಮೈಕಿಗೆ ಕಾಲ ಅಳೆಯುವ ಒಂದು ಸ್ಫಟಿಕ, ಲ್ಯಾಪ್‌ಟಾಪಿನ ಧ್ವನಿಚಿಪ್ಪಿಗೆ ಇನ್ನೊಂದು. ಎರಡೂ ತಮ್ಮದು 48,000 ಎಂದೇ ಹೇಳುತ್ತವೆ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಸೆಕೆಂಡಿಗೆ 2.4 ಸ್ಯಾಂಪಲ್ ಜಾರುತ್ತದೆ. ಅದನ್ನು ಸರಿದೂಗಿಸುವ ತಂತ್ರಾಂಶ ನಡುವೆ ಇಲ್ಲದಿದ್ದರೆ, 256ರ ಬಫರ್ ಸುಮಾರು 107 ಸೆಕೆಂಡಿಗೊಮ್ಮೆ ಎಡವುತ್ತದೆ. ಕೈಯಲ್ಲಿ ವಾಚು ಹಿಡಿದು ಎರಡು ಟಿಕ್‌ಗಳ ನಡುವಿನ ಹೊತ್ತು ಅಳೆದರೆ ಸ್ಫಟಿಕಗಳ ಅಂತರವೇ ಲೆಕ್ಕಕ್ಕೆ ಸಿಗುತ್ತದೆ. ಬರೀ ಕಿವಿಯಿಂದ ಇಷ್ಟು ಸೂಕ್ಷ್ಮವಾದದ್ದನ್ನು ಅಳೆಯುವ ಸುಖ ಬೇರೆ ಯಾವ ರಿಪೇರಿಯಲ್ಲೂ ಇಲ್ಲ.

‘ಗುಂಯ್’ ಎಂಬ ಸದ್ದು, ಮೌಸ್ ಅಲುಗಿಸಿದರೆ ಬದಲಾಗುವ ಕೀಚಲು, ಇವು ಈ ಜಾತಿಗೆ ಸೇರಿದವಲ್ಲ. ಅವು ವಿದ್ಯುತ್ತಿನ, ಅರ್ಥಿಂಗಿನ ತಕರಾರುಗಳು. ಚಾರ್ಜರ್ ಕಿತ್ತು ನೋಡಿದರೆ ಬಹುಪಾಲು ಗೊತ್ತಾಗುತ್ತದೆ.

ಹಾಗಾಗಿ ಹೊಸ ಸೌಂಡ್ ಕಾರ್ಡಿಗೆ ದುಡ್ಡು ಸುರಿಯುವ ಮುಂಚೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಶ್ರುತಿ ಹಾಕಿ, ಟಿಕ್ ಬಿದ್ದ ಹೊತ್ತನ್ನು ಚೀಟಿಯಲ್ಲಿ ಬರೆದಿಡಿ. ಬಫರ್ 256 ಇದ್ದರೆ 1024ಕ್ಕೆ ಏರಿಸಿ; ವೈಫೈ ನಿಲ್ಲಿಸಿ; ಪವರ್ ಸೆಟ್ಟಿಂಗನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ. ಆದರೆ ಒಂದು ಸಲಕ್ಕೆ ಒಂದನ್ನೇ ಮಾಡಿ, ಪ್ರತಿ ಸಲವೂ ಕೂತು ಕೇಳಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ನಿಲ್ಲಬಹುದು, ಯಾವುದರಿಂದ ನಿಂತಿತು ಎಂದು ಮಾತ್ರ ತಿಳಿಯುವುದಿಲ್ಲ.