ಮಿಕ್ಕ ಒಂದು ಪೈಸೆ

ಅಪ್ಪನ ಟ್ರಂಕಿನ ತಳದಲ್ಲಿ ಸಿಕ್ಕಿದ ಉದ್ದನೆಯ ಲೆಕ್ಕದ ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ ‘ಧರ್ಮಸ್ಥಳ ಪ್ರವಾಸ, ಮೇ 1984’ ಎಂದಿದೆ. ಒಳಗೆ ದೇವರ ಸುದ್ದಿ ಒಂದಕ್ಷರವೂ ಇಲ್ಲ. ಮಂಜುನಾಥನ ದರ್ಶನ ಆಯಿತೋ ಇಲ್ಲವೋ, ಹೊರನಾಡಿನ ಅಮ್ಮನವರನ್ನು ಕಂಡೆವೋ ಇಲ್ಲವೋ ತಿಳಿಯುವುದಿಲ್ಲ. ಸಕಲೇಶಪುರದಲ್ಲಿ ಒಂಬತ್ತು ಕಾಫಿ, ಐದು ಹಾಲು ಕುಡಿದೆವು ಎಂಬುದು ಮಾತ್ರ ಖಚಿತ. ಅಪ್ಪ ಖಜಾನೆಯಲ್ಲಿ ಗುಮಾಸ್ತರಾಗಿದ್ದರು. ವೋಚರ್ ಇಲ್ಲದೆ ಅವರಿಗೆ ಭಕ್ತಿಯೂ ಬರುತ್ತಿರಲಿಲ್ಲ.

ಹಾಸನದಿಂದ ಹೊರಟು ಸುಬ್ರಹ್ಮಣ್ಯ, ಧರ್ಮಸ್ಥಳ, ಹೊರನಾಡು, ಶೃಂಗೇರಿ ಸುತ್ತಿ ಬೇಲೂರಿನ ಮೇಲೆ ವಾಪಸ್ಸು. ಮೂರು ದಿನ, 480 ಕಿಲೋಮೀಟರು, ಒಂದು ಮೆಟಡೋರ್ ವ್ಯಾನು, ಹದಿನಾಲ್ಕು ಜನ. ದೊಡ್ಡಪ್ಪನ ಮನೆಯವರು ಆರು, ನಾವು ಐದು, ಆಗಷ್ಟೇ ಮದುವೆಯಾಗಿದ್ದ ಚಿಕ್ಕಪ್ಪ ಚಿಕ್ಕಮ್ಮ ಇಬ್ಬರು, ಜೊತೆಗೆ ನಮ್ಮ ಮನೆಯಲ್ಲೇ ಇದ್ದ ಸೋದರತ್ತೆ.

ಮೊದಲ ಜಗಳ ವ್ಯಾನಿನ ಚಕ್ರಕ್ಕೆ ನಿಂಬೆಹಣ್ಣು ಇಡುವ ಮೊದಲೇ ಆಯಿತು. ಖರ್ಚು ಮನೆ ಲೆಕ್ಕವೋ, ತಲೆ ಲೆಕ್ಕವೋ? ಚಿಕ್ಕಪ್ಪ, “ನಾವು ಇಬ್ಬರು. ದೊಡ್ಡಣ್ಣನ ಮನೆ ಆರು ಜನ. ಬಾಡಿಗೆ ಮಾತ್ರ ಸಮಸಮ ಅಂದ್ರೆ ಯಾವ ನ್ಯಾಯ?” ಅಂದರು. ದೊಡ್ಡಪ್ಪ, “ಒಳಗೆ ಎಷ್ಟು ಜನ ಅಂತ ವ್ಯಾನಿಗೇನು ಗೊತ್ತು? ನೀವಿಬ್ಬರೇ ಹೋದರೂ ಕಿಲೋಮೀಟರಿಗೆ ಎರಡೂಕಾಲು ರೂಪಾಯೇ” ಅಂದರು. ಈಗ ಯೋಚಿಸಿದರೆ ಇಬ್ಬರ ಮಾತೂ ಸರಿ. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಒಬ್ಬರದ್ದಾದರೂ ತಪ್ಪಾಗಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಕೊನೆಗೆ ಸೋದರತ್ತೆ ಸೆರಗು ಸಿಕ್ಕಿಸಿಕೊಂಡು, “ಗಾಡಿ ಮನೆ ಲೆಕ್ಕ, ತಿಂಡಿ ಬಾಯಿ ಲೆಕ್ಕ. ಹತ್ತಿ ಎಲ್ರೂ” ಅಂದರು. ಎಲ್ಲರೂ ಹತ್ತಿದರು. ಮಕ್ಕಳದು ಅರ್ಧ ಬಾಯಿ ಎಂದು ಅಪ್ಪ ಅಂಚಿನಲ್ಲಿ ಗುರುತು ಹಾಕಿಕೊಂಡರು. ಉಪ್ಪಿನಂಗಡಿ ಕಡೆಯ ಒಂದು ಹೋಟೆಲಿನಲ್ಲಿ ಈ ಅರ್ಧ ಬಾಯಿ ಮೂರು ಮಸಾಲೆದೋಸೆ ತಿಂದದ್ದು ಪುಸ್ತಕದಲ್ಲಿ ಬೇರೆಯಾಗಿ ನಮೂದಾಗಿದೆ. ಅದು ಯಾರ ಬಾಯಿ ಎಂದು ನಾನಾಗಿ ಹೇಳುವುದಿಲ್ಲ.

‘ಡ್ರೈವರ್ ಬಾಟಾ, ಮೂರು ದಿನಕ್ಕೆ 45-00’ ಎಂಬ ಸಾಲನ್ನು ಓದುವಾಗ ಈಗಲೂ ನಗು ಬರುತ್ತದೆ. ಪಾಪ, ದಿನಕ್ಕೊಂದು ಜೊತೆ ಬಾಟಾ ಚಪ್ಪಲಿ ಹಾಕಿಕೊಂಡು ಈತ ಘಾಟಿಯಲ್ಲಿ ಹೇಗೆ ಬ್ರೇಕು ಒತ್ತುತ್ತಾನೋ ಎಂದು ಆಗ ಅವನ ಕಾಲನ್ನೇ ನೋಡುತ್ತಿದ್ದೆ. ಅವನು ಬರಿಗಾಲಿನಲ್ಲಿದ್ದ. ಅದು ಭತ್ಯೆ ಎಂದು ತಿಳಿದದ್ದು ನನಗೆ ನೌಕರಿ ಸಿಕ್ಕಿ, ಅದು ಎಷ್ಟು ಕಡಿಮೆ ಎಂದು ಗೊತ್ತಾದ ಮೇಲೆ.

ಊಟದ ಕಾಲಮ್ಮು ಮಾತ್ರ ಖಾಲಿ. ಧರ್ಮಸ್ಥಳದಲ್ಲೂ ಹೊರನಾಡಿನಲ್ಲೂ ಶೃಂಗೇರಿಯಲ್ಲೂ ಎಲೆ ಹಾಕಿ ಬಡಿಸುವವರು ನೀವು ಎಷ್ಟು ಮನೆ, ಎಷ್ಟು ತಲೆ ಎಂದು ಕೇಳಲಿಲ್ಲ. ಹದಿನಾಲ್ಕು ಜನರ ನಡುವೆ ಅಷ್ಟೂ ಹೊತ್ತು ಶಾಂತಿ ನೆಲೆಸಿತ್ತು. ಪಂಕ್ತಿಯಿಂದ ಎದ್ದು ಕೈ ತೊಳೆದು, ಹೊರಗೆ ಬಂದು ಸೋಡಾ ಅಂಗಡಿ ಮುಂದೆ ನಿಂತ ಕೂಡಲೇ ಮತ್ತೆ ಶುರು.

ಎರಡನೆಯ ದಿನ ಫ್ಲಾಸ್ಕು ಒಡೆಯಿತು. ದೊಡ್ಡಪ್ಪನ ಮನೆಯದು. ‘ಬಾನೆಟ್ ಮೇಲೆ ಇಡಬೇಡ’ ಎಂದು ಎರಡು ಸಲ ಹೇಳಿದ್ದರೂ ಚಿಕ್ಕಪ್ಪ ಅಲ್ಲೇ ಇಟ್ಟಿದ್ದರು. ಚಾರ್ಮಾಡಿಯ ಒಂದು ತಿರುವಿನಲ್ಲಿ ಅದು ಉರುಳಿತು. ‘ಎಲ್ಲರ ಕಾಫಿ ತಾನೆ ಅದರಲ್ಲಿದ್ದದ್ದು, ನಷ್ಟವೂ ಎಲ್ಲರದು’ ಎಂದು ಚಿಕ್ಕಪ್ಪ. ‘ಕಾಫಿ ಎಲ್ಲರದು, ಅಜಾಗರೂಕತೆ ನಿನ್ನೊಬ್ಬನದು’ ಎಂದು ದೊಡ್ಡಪ್ಪ. ಫ್ಲಾಸ್ಕಿನ ಬೆಲೆ ಚಿಕ್ಕಪ್ಪನ ಲೆಕ್ಕಕ್ಕೆ ಬಿತ್ತು. ಹೊಸ ಚಿಕ್ಕಮ್ಮ ಕೊಟ್ಟಿಗೆಹಾರದ ತನಕ ಕಿಟಕಿಯಾಚೆಯ ಮಂಜನ್ನೇ ನೋಡುತ್ತಾ ಕೂತರು.

ದೊಡ್ಡಪ್ಪನದು ಬರೀ ಹಟ ಎಂದು ಬಹಳ ಕಾಲ ನಂಬಿದ್ದೆ. ವಿಜ್ಞಾನೇಶ್ವರನನ್ನು ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ, ಇಂದಿನ ಬಸವಕಲ್ಯಾಣದಲ್ಲಿ ಕೂತು, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನ ಬರೆದವನು ಅವನು. ಅಣ್ಣತಮ್ಮಂದಿರ ಆಸ್ತಿ ಮೊಕದ್ದಮೆಯಲ್ಲಿ ಲಾಯರುಗಳು ಹಿಡಿದು ಎಳೆಯುವುದು ಅದರ ದಾಯವಿಭಾಗ ಪ್ರಕರಣವನ್ನು. ಅದೇ ಗ್ರಂಥದಲ್ಲಿ ‘ಸಂಭೂಯ ಸಮುತ್ಥಾನ’ ಎಂಬ ಸಣ್ಣ ಪ್ರಕರಣವೊಂದಿದೆ. ನಾಲ್ಕು ಜನ ವ್ಯಾಪಾರಿಗಳು ಕೂಡಿ ದುಡ್ಡು ಹಾಕಿ ವ್ಯವಹಾರಕ್ಕಿಳಿದರೆ ಲಾಭನಷ್ಟ ಯಾರಿಗೆ ಎಷ್ಟು? ಹಾಕಿದ ಹಣಕ್ಕೆ ತಕ್ಕಂತೆ, ಇಲ್ಲವೇ ಮೊದಲೇ ಮಾತಾಡಿಕೊಂಡಂತೆ. ಸೋದರತ್ತೆ ಸೆರಗು ಸಿಕ್ಕಿಸಿದ್ದು ಈ ಎರಡನೆಯದಕ್ಕೆ. ಮುಂದೆ ಇನ್ನೂ ಇದೆ. ಉಳಿದವರು ಬೇಡವೆಂದದ್ದನ್ನು ಮಾಡಿ, ಇಲ್ಲವೇ ಮೈಮರೆತು, ಒಬ್ಬ ಏನಾದರೂ ಹಾಳು ಮಾಡಿದರೆ ಅವನೇ ತುಂಬಿಕೊಡಬೇಕು. ಫ್ಲಾಸ್ಕು! ದೊಡ್ಡಪ್ಪ ಸಂಸ್ಕೃತದ ಗಂಧವಿಲ್ಲದೆ ಚಾರ್ಮಾಡಿ ಘಾಟಿಯಲ್ಲಿ ಕಲ್ಯಾಣದ ತೀರ್ಪನ್ನೇ ಕೊಟ್ಟಿದ್ದರು.

ಅದರ ಬೆನ್ನಿಗೇ ಬರುವ ಮಾತು ನಮ್ಮ ವ್ಯಾನಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆಪತ್ತಿನಲ್ಲಿ ಸರಕನ್ನು ಕಾಪಾಡಿದವನಿಗೆ ಅದರ ಹತ್ತನೆಯ ಒಂದು ಪಾಲು ಸಲ್ಲಬೇಕು. ಘಾಟಿಯಲ್ಲಿ ಮಕ್ಕಳೆಲ್ಲ ಒಬ್ಬರ ಹಿಂದೊಬ್ಬರು ವಾಂತಿ ಶುರುಮಾಡಿದಾಗ ಸೊಂಟದ ಚೀಲದಿಂದ ನಿಂಬೆಹಣ್ಣು, ಶುಂಠಿ, ಹಳೇ ಪಂಚೆಯ ಚೂರು ತೆಗೆದು ವ್ಯಾನನ್ನು ಕಾಪಾಡಿದವರು ಸೋದರತ್ತೆ. ಕಳಸದಲ್ಲಿ ವ್ಯಾನು ತೊಳೆದ ಹುಡುಗನಿಗೆ ತಮ್ಮ ಗಂಟಿನಿಂದಲೇ ಎರಡು ರೂಪಾಯಿ ಕೊಟ್ಟರು. ಅಪ್ಪ ಬರೆದುಕೊಳ್ಳಲು ಹೋದರೆ, “ವಾಂತಿ ಬರೀತೀಯೇನೋ ಲೆಕ್ಕದಲ್ಲಿ?” ಎಂದು ಗದರಿದರು. ಹತ್ತನೆಯ ಪಾಲಿರಲಿ, ಆ ಎರಡು ರೂಪಾಯಿಯೂ ಪುಸ್ತಕದಲ್ಲಿ ಇಲ್ಲ. ವ್ಯಾನಿನಲ್ಲಿ ಒಬ್ಬ ವಿಜ್ಞಾನೇಶ್ವರ ಇರಬೇಕಾಗಿತ್ತು. ಇದ್ದಿದ್ದರೆ ಅವನಿಗೂ ಒಂದು ನಿಂಬೆಹಣ್ಣು ಬೇಕಾಗುತ್ತಿತ್ತು, ಅದು ಬೇರೆ ಮಾತು.

ಶೃಂಗೇರಿಯಲ್ಲಿ ಎಲ್ಲರೂ ತುಂಗೆಯ ಮೀನಿಗೆ ಪುರಿ ಹಾಕುತ್ತಿದ್ದರೆ ಅಪ್ಪ ಮೆಟ್ಟಿಲ ಮೇಲೆ ಕೂತು ಕೂಡಿಸುತ್ತಿದ್ದರು. ಅಲ್ಲಿನ ಮಠದ ಹಳೆಯ ಲೆಕ್ಕಪತ್ರಗಳು ಕಡತದಲ್ಲಿವೆ. ಈಗ ನಾವು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಸಿ ಮಡಿಸಿ ಪುಸ್ತಕದ ಹಾಗೆ ಮಾಡಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಅಪ್ಪನದು ಶಾಯಿ. ಅವರು ಅಳಿಸುವವರೂ ಅಲ್ಲ. ತಪ್ಪಾದರೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡುವರು.

ಊರಿಗೆ ಬಂದ ರಾತ್ರಿ ಜಗುಲಿಯಲ್ಲಿ ಲೆಕ್ಕ ಚುಕ್ತಾ. ಗಾಡಿಯ ಬಾಬ್ತು ಬಾಡಿಗೆ 1,080-00, ಬಾಟಾ 45-00, ವ್ಯಾನಿನ ಪೂಜೆಗೆ ಊದುಬತ್ತಿ ನಿಂಬೆಹಣ್ಣು 1-90. ಒಟ್ಟು 1,126-90. ಮೂರು ಮನೆಗೆ ತಲಾ 375 ರೂಪಾಯಿ 63 ಪೈಸೆ. ಮಿಕ್ಕಿದ್ದು ಒಂದು ಪೈಸೆ.

ಈ ಒಂದು ಪೈಸೆ ದೊಡ್ಡಪ್ಪನ ಹಳೆಯ ಗಾಯ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಎಂದಾದಾಗ ಅವರು ಹೈಸ್ಕೂಲು ಹುಡುಗ. ಅದಕ್ಕೆ ಮೊದಲು ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ, ಒಟ್ಟು 192 ಪೈ. “ಆ ರೂಪಾಯಿ ಮೂರು ಜನ ಅಣ್ಣತಮ್ಮಂದಿರಿಗೆ ಐದಾಣೆ ನಾಲ್ಕು ಪೈ ಅಂತ ಅಚ್ಚುಕಟ್ಟಾಗಿ ಭಾಗ ಆಗ್ತಿತ್ತು. ಈ ನೂರು ಪೈಸೆ ಯಾವತ್ತಿಗೂ ಆಗಲ್ಲ. ಮನೆ ಮುರಿಯೋಕೇ ಮಾಡಿದ ಲೆಕ್ಕ ಇದು” ಎನ್ನುವರು. ದಶಮಾಂಶ ಪದ್ಧತಿಯ ವಿರುದ್ಧ ಇಷ್ಟು ಗಟ್ಟಿಯಾದ ವಾದವನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಮಿಕ್ಕ ಪೈಸೆ ದೇವರಿಗೆ ಎಂದು ತೀರ್ಮಾನವಾಯಿತು. ಮುಡಿಪಿನ ಡಬ್ಬಿ ಬಂತು. ಆದರೆ 1984ರಲ್ಲಿ ಒಂದು ಪೈಸೆಯ ನಾಣ್ಯ ಯಾರ ಜೇಬಿನಲ್ಲಿರುತ್ತದೆ? ದೊಡ್ಡಪ್ಪ ಐದು ಪೈಸೆ ತೆಗೆದು ಠಣ್ ಎಂದು ಹಾಕಿ ಎದ್ದರು. ಅಪ್ಪ ಬಿಡಲಿಲ್ಲ. ಪುಸ್ತಕದ ಕೊನೆಯ ಸಾಲು ಹೀಗಿದೆ: ‘ದೊಡ್ಡಣ್ಣನಿಗೆ ಬರಬೇಕಾದ್ದು 0-04’. ಮುಂದೆ ಚುಕ್ತಾ ಗೆರೆ ಇಲ್ಲ.

ಹೋದ ಡಿಸೆಂಬರಿನಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋದೆವು. ಟೆಂಪೋ ಟ್ರಾವೆಲರ್. ದೊಡ್ಡಪ್ಪ, ಅಪ್ಪ, ಸೋದರತ್ತೆ ಇಲ್ಲ. ಚಿಕ್ಕಪ್ಪ ಎಪ್ಪತ್ತರ ಹತ್ತಿರ. ಲೆಕ್ಕದ ಉಸ್ತುವಾರಿ ದೊಡ್ಡಪ್ಪನ ಮೊಮ್ಮಗಳದ್ದು, ಅವಳ ಫೋನಿನ ಆಪ್‌ನದ್ದು. ಮನೆ, ತಲೆ, ಬಾಯಿ ಯಾವ ಜಗಳವೂ ಇಲ್ಲ. “ನಾನು ಕಾಫಿ ಕುಡಿಯಲ್ಲ, ನನ್ನ ಟಿಕ್ ತೆಗಿ” ಎಂದು ಒಬ್ಬ ಹುಡುಗ ಹೇಳಿದ, ಅವಳು ತೆಗೆದಳು, ಮುಗಿಯಿತು. ವಾಪಸ್ಸು ಬಂದ ಮೇಲೆ ಆಪ್ ಇನ್ನೊಂದು ಚಮತ್ಕಾರ ಮಾಡಿತು. ನಾನು ಚಿಕ್ಕಪ್ಪನ ಮಗನಿಗೆ ಕೊಡಬೇಕು, ಅವನು ಆ ಹುಡುಗಿಗೆ ಕೊಡಬೇಕು. ನಡುವಿನವನನ್ನು ಕಿತ್ತುಹಾಕಿ, ನೀವು ನೇರ ಅವಳಿಗೇ ಕೊಡಿ ಎಂದಿತು. ಸಾಹುಕಾರರ ಹುಂಡಿ ಚೀಟಿ ಕೂಡ ಇಂಥದ್ದೇ ಅಲ್ಲವೆ? ಇಲ್ಲಿ ಕಟ್ಟಿದ ಹಣ ಅಲ್ಲಿ ಇನ್ಯಾರದೋ ಅಂಗಡಿಯಲ್ಲಿ ಸಿಗುತ್ತಿತ್ತು. ಚೀಟಿಗೂ ದೇವರ ಪೆಟ್ಟಿಗೆಗೂ ನಮ್ಮಲ್ಲಿ ಒಂದೇ ಹೆಸರು ಹೇಗೆ ಬಂತೋ ಎಂದು ಯೋಚಿಸುತ್ತಾ ಯುಪಿಐನಲ್ಲಿ ಕಳಿಸಿದೆ. ಚಿಕ್ಕಪ್ಪನ ಮಗನಿಗೆ ‘ತಗೋಪ್ಪಾ’ ಎನ್ನುವ, ಅವನು ‘ಇರಲಿ ಬಿಡಿ’ ಎನ್ನುವ ಪ್ರಸಂಗವೇ ಬರಲಿಲ್ಲ. ಸ್ವಲ್ಪ ನಿರಾಸೆಯಾಯಿತು.

ಆಗಲೇ ಆ ಪುಸ್ತಕ ತೆಗೆದು ತೋರಿಸಿದ್ದು. ಹುಡುಗಿ ಕೊನೆಯ ಸಾಲು ಓದಿ, “ಅಯ್ಯೋ, ತಾತಂಗೆ ಇನ್ನೂ ಬಾಕಿ ಇದೆ” ಎಂದು ಆ ಕ್ಷಣವೇ ಹೊಸ ಖಾತೆ ತೆರೆದಳು. ನಾಲ್ಕು ಪೈಸೆ, ಮೂರು ಮನೆ, ಸಮಪಾಲು. ಆಪ್ ಒಂದಿಷ್ಟು ಯೋಚಿಸಿತು. ದೊಡ್ಡಪ್ಪನ ಮನೆಗೆ ಒಂದು ಪೈಸೆ, ನಮ್ಮ ಮನೆಗೆ ಒಂದು ಪೈಸೆ, ಚಿಕ್ಕಪ್ಪನ ಮನೆಗೆ ಎರಡು.

ಚಿಕ್ಕಪ್ಪ ಕನ್ನಡಕ ಏರಿಸಿ ಪರದೆಯನ್ನು ಬಹಳ ಹೊತ್ತು ನೋಡಿದರು.

“ಅವತ್ತೇ ಬಡ್ಕೊಂಡೆ ನಾನು, ತಲೆ ಲೆಕ್ಕ ಹಾಕಿ ಅಂತ.”