ಪ್ರಾಶಸ್ತ್ಯಗಳು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ನೆಲ ನಿಜವಾಗಿಯೇ ಡೊಂಕಾಗಿದ್ದರೆ ಆ ಪಾಪದವಳು ಏನು ಹೇಳಬೇಕಿತ್ತು ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ಕಂಪ್ಯೂಟರಿನ ಮುಂದೆ ಐದು ನಿಮಿಷ ಕೂತು, "ನಮ್ಮಂಥವರಿಗಲ್ಲ ಬಿಡ್ರಿ ಇದು" ಎಂದು ಎದ್ದುಬಿಡುವ ನನ್ನ ವಯಸ್ಸಿನ ಗೆಳತಿಯರನ್ನು ಕಂಡಾಗ ನನಗೆ ಆ ಡೊಂಕು ನೆಲವೇ ನೆನಪಾಗುತ್ತದೆ.

ನಾನು ಕೂತದ್ದು ಕನ್ನಡ ವಿಕಿಪೀಡಿಯದ ಮುಂದೆ. 2003ರಲ್ಲಿ ಶುರುವಾದ ಈ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ನಮ್ಮ ನೀಲಗುಂದದ ಬಗ್ಗೆ ನಾಲ್ಕು ಸಾಲು ಸರಿಯಾಗಿ ಬರೆಯಬೇಕೆಂಬುದು ನನ್ನ ಆಸೆ. ಊರಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯವಿದೆ. ಗದಗ ಜಿಲ್ಲೆಯಲ್ಲೂ ಒಂದು ನೀಲಗುಂದ ಇರುವುದರಿಂದ ಒಂದರ ಶಾಸನವನ್ನು ಇನ್ನೊಂದರ ತಲೆಗೆ ಕಟ್ಟದಂತೆ ಎಚ್ಚರವಿರಬೇಕು. ಜಿಲ್ಲೆಯ ಕತೆ ಕೇಳಲೇಬೇಡಿ. ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಆಮೇಲೆ ಬಳ್ಳಾರಿಗೇ ಮರಳಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಮದುವೆಯಾಗಿ ಹೋದ ಹೆಣ್ಣಿಗೂ ಇಷ್ಟು ಸಲ ವಿಳಾಸ ಬದಲಾಗಲಿಕ್ಕಿಲ್ಲ! ಇಂಥದನ್ನೆಲ್ಲ ಊರು ಬಲ್ಲವರು ಬರೆಯದಿದ್ದರೆ ಮತ್ತ್ಯಾರು ಬರೆದಾರು?

ಪುಟ ತೆರೆದರೆ, ಬರೆಯುವ ಜಾಗದ ನೆತ್ತಿಯ ಮೇಲೆ ಒಂದು ಪಟ್ಟಿ. ಅದರ ತುಂಬ ಚಿಕ್ಕ ಚಿಕ್ಕ ಗುರುತುಗಳು. ಅಕ್ಷರವೋ ಕನ್ನಡಕಕ್ಕೂ ಜಗ್ಗದಷ್ಟು ಸಣ್ಣದು. ಅತ್ತೆ ಜೋಡಿಸಿಟ್ಟ ಅಡುಗೆಮನೆಗೆ ಹೊಸ ಸೊಸೆ ಕಾಲಿಟ್ಟ ಹಾಗಾಯಿತು. ಎಲ್ಲ ಡಬ್ಬಿಯೂ ಇದೆ, ಸಾಸಿವೆ ಎಲ್ಲಿದೆಯೋ ತಿಳಿಯದು. ಸಿಕ್ಕಿದರೂ ಅದನ್ನು ಒಲೆಯ ಪಕ್ಕಕ್ಕೆ ಸರಿಸಲು ಧೈರ್ಯ ಸಾಲದು. ಪಕ್ಕದಲ್ಲಿದ್ದ ಸಹೋದ್ಯೋಗಿಯೂ, "ಇದ್ದದ್ದು ಇದ್ದಂಗೇ ಇರ್ಲಿ ಬಿಡ್ರಿ ಮೇಡಂ, ಏನಾದ್ರೂ ಕೆಟ್ರೆ?" ಎಂದರು.

ಖಾತೆ ತೆರೆದು ಒಳಹೊಕ್ಕವರಿಗೆ ಅಲ್ಲೊಂದು ಕೊಂಡಿ ಕಾಣುತ್ತದೆ. ಹೆಸರು 'ಪ್ರಾಶಸ್ತ್ಯಗಳು'. ಆ ಪದವನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತೆ. ಮನೆಯಲ್ಲಿ ಯಾರಿಗೆ ರೊಟ್ಟಿ ಮೆತ್ತಗಿರಬೇಕು, ಯಾರ ಸಾರಿಗೆ ಖಾರ ಕಡಿಮೆ, ಎಲ್ಲರ ಪ್ರಾಶಸ್ತ್ಯವೂ ನಮಗೆ ಬಾಯಿಪಾಠ. ನಿನಗೆ ಹೇಗೆ ಬೇಕು ಎಂದು ನಮ್ಮನ್ನು ಕೇಳಿದವರೆಷ್ಟು ಮಂದಿ, ನೀವೇ ಹೇಳಿ. ಈ ಪುಟ ಕೇಳಿತು.

ಕೇಳಿದ ಮೇಲೆ ನಾನೂ ಸಂಕೋಚ ಬಿಟ್ಟೆ. ಓದುವ ಪುಟದ ಅಕ್ಷರ ದೊಡ್ಡದಿರಲಿ ಎಂದೆ. ಬರೆಯುವ ಜಾಗದ ಅಕ್ಷರದ ಬಗೆಯನ್ನು ಕಣ್ಣಿಗೆ ಹಿತವಾದದ್ದಕ್ಕೆ ಬದಲಿಸಿದೆ. ಗುರುತುಗಳ ಭಾಷೆಯಲ್ಲಿ ಬರೆಯುವುದೋ, ಪುಟ ಕಾಣುವ ರೂಪದಲ್ಲೇ ಬರೆಯುವುದೋ ಎಂಬ ಪ್ರಶ್ನೆಗೆ ಎರಡೂ ಇರಲಿ ಎಂದು ಹೇಳಿದೆ. ಉಳಿಸದೆ ಪುಟ ಬಿಟ್ಟು ಹೊರಟರೆ ಎಚ್ಚರಿಸುವ ಏರ್ಪಾಡು ಇದೆಯಲ್ಲ, ಅದನ್ನು ಹಾಗೇ ಬಿಟ್ಟೆ. ಹಂಚಿನ ಮೇಲೆ ರೊಟ್ಟಿ ಹಾಕಿ ಬರೆಯಲು ಕೂರುವವರಿಗೆ ಅದು ಬೇಕೇ ಬೇಕು.

ಕೀಲಿಮಣೆಯನ್ನೂ ಆರಿಸಿಕೊಳ್ಳಬಹುದು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಲಿಪ್ಯಂತರಣ ಒಂದು, ಇನ್‌ಸ್ಕ್ರಿಪ್ಟ್ ಒಂದು, ನುಡಿ ಕಲಿತವರಿಗೆ ಪರಿಚಿತವಾದ ಕೆ.ಪಿ. ರಾವ್ ಅವರ ವಿನ್ಯಾಸ ಒಂದು. 'ಹರಪನಹಳ್ಳಿ' ಎಂದು ಬರೆಯಲು ಲಿಪ್ಯಂತರಣದಲ್ಲಿ 13 ಸಲ ಕೀಲಿ ಒತ್ತಬೇಕು. ಕೆ.ಪಿ. ರಾವ್ ವಿನ್ಯಾಸದಲ್ಲಿ ವ್ಯಂಜನದೊಳಗೇ ಅಕಾರ ಇರುವುದರಿಂದ, ಶಿಫ್ಟ್ ಬಿಟ್ಟರೆ, 9 ಸಲ ಸಾಕು. ಬೆರಳಿನ ಗಂಟು ನೋಯುವ ವಯಸ್ಸಿನಲ್ಲಿ ಈ ನಾಲ್ಕು ಉಳಿದದ್ದೂ ಲಾಭವೇ. ಕಂಟ್ರೋಲ್ ಜತೆ ಎಮ್ ಒತ್ತಿದರೆ ಇಂಗ್ಲಿಷ್, ಮತ್ತೊಮ್ಮೆ ಒತ್ತಿದರೆ ಕನ್ನಡ.

ಇನ್ನೊಂದು ಪ್ರಶ್ನೆಯೂ ಅಲ್ಲಿತ್ತು. ನಿಮ್ಮ ಬಗ್ಗೆ ಹೇಳುವಾಗ ಗಂಡಸು ಎಂದು ಹೇಳಬೇಕೋ, ಹೆಂಗಸು ಎಂದೋ, ಎರಡೂ ಬೇಡವೋ? ಉತ್ತರ ಎಲ್ಲರಿಗೂ ಕಾಣುತ್ತದೆ. ಹೆಣ್ಣಿನ ಹೆಸರು ಕಂಡರೆ ಬೇಡದ ಮಾತಾಡುವವರು ಲೋಕದಲ್ಲಿ ಇರುವುದರಿಂದ ಏನೂ ಹೇಳದಿರುವುದೂ ಜಾಣತನವೇ. ಆದರೂ ನಾನು ಹೆಂಗಸು ಎಂದೇ ಗುರುತು ಹಾಕಿದೆ. ಊರಿನ ಪುಟ ಬರೆದದ್ದು ಒಬ್ಬ ಹೆಂಗಸು ಎಂದು ನನ್ನ ಶಾಲೆಯ ಹುಡುಗಿಯರಿಗೆ ತಿಳಿಯಲಿ.

ಕೆಟ್ಟರೇನು ಗತಿ ಎಂದು ಹೆದರುವವರಿಗೆ ಎರಡು ಮಾತು. ನೀವು ಮಾಡಿಕೊಂಡ ಏರ್ಪಾಡು ನಿಮ್ಮ ಖಾತೆಗೆ ಮಾತ್ರ ಅಂಟಿಕೊಂಡಿರುತ್ತದೆ. ಬೇರೆ ಯಾರ ಪರದೆಯೂ ಕೂದಲೆಳೆಯಷ್ಟೂ ಅಲುಗಾಡದು. ಶಾಲೆಯ ಕಂಪ್ಯೂಟರಿನಲ್ಲಿ ಆರಿಸಿಕೊಂಡದ್ದು ಮನೆಯಲ್ಲಿ ಒಳಹೊಕ್ಕಾಗಲೂ ಜತೆಗೆ ಬರುತ್ತದೆ. ಬೇಡವೆನಿಸಿದರೆ ಎಲ್ಲವನ್ನೂ ಮೊದಲಿನಂತೆ ಮಾಡುವ ಗುಂಡಿಯೂ ಅಲ್ಲೇ ಇದೆ. ಯಾರಿಗೂ ತೊಂದರೆ ಕೊಡದೆ ನಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳುವ ಅವಕಾಶ ಹೆಣ್ಣಿನ ಬಾಳಿನಲ್ಲಿ ಇಷ್ಟು ಸಲೀಸಾಗಿ ಎಷ್ಟು ಸಲ ಸಿಕ್ಕೀತು?

ಆದ್ದರಿಂದ ಒಮ್ಮೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ಪುಟಕ್ಕೆ ಹೋಗಿ ಬನ್ನಿ. ಆಮೇಲೆ ನಿಮ್ಮ ಊರಿನ ಬಗ್ಗೆ ಒಂದು ವಾಕ್ಯ ಬರೆಯಿರಿ. ನನ್ನ ಮೊದಲ ವಾಕ್ಯ ತಯಾರಾಗಿದೆ: "ನೀಲಗುಂದವು ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಒಂದು ಗ್ರಾಮ." ಜಿಲ್ಲೆ ಮತ್ತೆ ಬದಲಾದರೆ ತಿದ್ದಲು ನಾನಿದ್ದೇನೆ.