ಹಳದಿ ವಿಮಾನದ ಬ್ರೇಕು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಸಸ್ಕ್ವೆಹಾನಾ ನದಿಯ ದಂಡೆಯ ಮೇಲೆ ಲಾಕ್ ಹೇವನ್ ಎಂಬ ಪುಟ್ಟ ಊರಿದೆ. ಪೈಪರ್ ಕಬ್ ಎಂಬ ಎರಡೇ ಸೀಟಿನ ಹಳದಿ ವಿಮಾನಗಳ ಕಾರ್ಖಾನೆ 1937ರಲ್ಲಿ ಇಲ್ಲಿಗೆ ಬಂತು, 1984ರಲ್ಲಿ ಮುಚ್ಚಿತು. ಆದರೂ ಪ್ರತಿ ಜೂನ್‌ನಲ್ಲಿ ಹಳೆಯ ಕಬ್‌ಗಳು ತವರಿಗೆ ಬರುವ ಹೆಣ್ಣುಮಕ್ಕಳಂತೆ ಇಲ್ಲಿ ಬಂದಿಳಿಯುತ್ತವೆ.

ಮಗನ ಮನೆಗೆ ಹೋಗಿದ್ದ ನಾನು ಮೊಮ್ಮಗಳೊಡನೆ ನೋಡಲು ಹೋದೆ. ಹುಲ್ಲಿನ ಮೇಲೆ ಒಬ್ಬ ಅಜ್ಜ ತಮ್ಮ ಕಬ್‌ನ ಚಕ್ರ ಬಿಚ್ಚಿಕೊಂಡು ಕೂತಿದ್ದರು.

"ಅಜ್ಜೀ, ಆಕಾಶದಲ್ಲಿ ಹಾರೋದಕ್ಕೆ ಬ್ರೇಕು ಯಾಕೆ?"

ಆಕಾಶದಲ್ಲಲ್ಲ, ನೆಲದ ಮೇಲೆ ನಿಲ್ಲಲು, ತಿರುಗಲು ಬೇಕು. ಹಿಮ್ಮಡಿಯಿಂದ ಪೆಡಲ್ ಒತ್ತಿದರೆ ಚಕ್ರದೊಳಗಿನ ರಬ್ಬರ್ ಟ್ಯೂಬಿಗೆ ಬ್ರೇಕ್ ಆಯಿಲ್ ನುಗ್ಗುತ್ತದೆ. ಟ್ಯೂಬು ಉಬ್ಬಿ, ಬ್ರೇಕಿನ ತುಂಡುಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಅಜ್ಜನ ಟ್ಯೂಬು ಸೋರುತ್ತಿತ್ತು. ಕಾರಿನ ಅಂಗಡಿಯಿಂದ ಏನನ್ನೋ ತಂದು ವಿಮಾನಕ್ಕೆ ಹಾಕುವಂತಿಲ್ಲ.

ಯಾರೋ ಹಳೆಯ ಡಬ್ಬಿಯೊಂದನ್ನು ತಂದರು. ಅದರಲ್ಲಿ ಒಮ್ಮೆಯೂ ಬಳಸದ ಟ್ಯೂಬು! ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅಜ್ಜ ಮೆಲ್ಲನೆ ಬಗ್ಗಿಸಿ ನೋಡಿದರು. ಮೈತುಂಬ ಕೂದಲೆಳೆಯಂಥ ಬಿರುಕುಗಳು. ಇಟ್ಟಲ್ಲೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ನನ್ನ ಮಂಡಿಗೆ ಆದ ಹಾಗೆ. ಅಜ್ಜ ಅದನ್ನು ಹಿಂದಕ್ಕೆ ಕೊಟ್ಟು, ಸಾಲಿನ ಒಂದೊಂದು ವಿಮಾನದ ಬಳಿಯೂ ವಿಚಾರಿಸುತ್ತ ಹೊರಟರು. ಮೊಮ್ಮಗಳೂ ಹಿಂದೆಯೇ.

ಸಂಜೆಗೆ ಒಬ್ಬಾಕೆ ತನ್ನ ಕಬ್‌ಗೆಂದು ಇಟ್ಟುಕೊಂಡಿದ್ದ ಮೆತ್ತನೆಯ ಟ್ಯೂಬು ಕೊಟ್ಟರು. ಮರುದಿನ ಮೆಕ್ಯಾನಿಕ್ ಅದನ್ನು ಕೂರಿಸಿ, ಪರೀಕ್ಷಿಸಿ, ಪುಸ್ತಕದಲ್ಲಿ ಸಹಿ ಹಾಕಿದರು. ಅಜ್ಜ ಹಿಮ್ಮಡಿ ಒತ್ತಿದರು. ಮೊಮ್ಮಗಳು ರೆಕ್ಕೆಯ ಆಸರೆಕೋಲು ಹಿಡಿದು ಜೋರಾಗಿ ತಳ್ಳಿದಳು. ವಿಮಾನ ಅಲುಗಲಿಲ್ಲ.